ಕೊಟ್ರಪ್ಪ ಮಾಡಿದ ನವಿಲು

ಬೆಟಗೇರಿಯ ಫಕ್ಕೀರಪ್ಪ ಸಾವಕಾರರ ಸೀರೆ ಅಂಗಡಿಯಲ್ಲಿ ಕೊಟ್ರಪ್ಪ ಹನ್ನೊಂದು ವರ್ಷದಿಂದ ಕೆಲಸಕ್ಕಿದ್ದ. ಸೀರೆ ಅಂಗಡಿಯಲ್ಲಿ ಕೆಲಸ ಎರಡು. ಸೀರೆ ಬಿಚ್ಚಿ ತೋರಿಸುವುದು ಒಂದು, ತೋರಿಸಿದ್ದನ್ನು ಮಡಚಿ ಇಡುವುದು ಇನ್ನೊಂದು. ಕೊಟ್ರಪ್ಪನಿಗೆ ಮೊದಲನೆಯದು ಬರುತ್ತಿತ್ತು. ಅವನು ಸೆರಗು ಬೀಸಿ ಹರವುತ್ತ ಆಡುವ ಮಾತಿನ ಠೀವಿಗೆ ಕೊಳ್ಳಲು ಬಂದ ಹೆಂಗಸರು ಸೀರೆ ಬಿಟ್ಟು ಅವನನ್ನೇ ನೋಡುತ್ತ ಕೂಡುತ್ತಿದ್ದರು. ಆದರೆ ಅವನು ಮಡಚಿದ ಸೀರೆ ಮಾತ್ರ ಉಂಡು ಮಲಗಿದವರ ಹೊಟ್ಟೆಯ ಹಾಗೆ ನಡುವೆ ಉಬ್ಬಿಕೊಂಡು ಕಪಾಟಿನಲ್ಲಿ ಹಿಡಿಸುತ್ತಿರಲಿಲ್ಲ. ಕೈಗೆ ಕೊಡಬೇಕಾದ ಕಸಬನ್ನೆಲ್ಲ ದೇವರು ಅವನ ಬಾಯಿಗೆ ಕೊಟ್ಟುಬಿಟ್ಟಿದ್ದ.

ಇದು ಐವತ್ತಾರನೆಯ ಇಸವಿಯ ದೀಪಾವಳಿಯ ಮಾತು. ಆ ವರ್ಷ ನವೆಂಬರ್ ಒಂದನೇ ತಾರೀಖಿಗೆ ನಾವೆಲ್ಲ ಮುಂಬಯಿ ಸರಕಾರವನ್ನು ಬಿಟ್ಟು ಕನ್ನಡದವರ ಒಂದೇ ರಾಜ್ಯಕ್ಕೆ ಸೇರುವವರಿದ್ದೆವು. ಆ ದಿನವೂ ದೀಪಾವಳಿಯೂ ಒಂದಕ್ಕೊಂದು ಅಂಟಿಕೊಂಡೇ ಬಂದಿದ್ದವು. ನಮ್ಮ ಓಣಿಯಲ್ಲಿ ಹೆಂಗಸರು ಒಳಗೆ ಕರಚಿಕಾಯಿಗೆ ಕೊಬ್ಬರಿ ತುರಿಯುತ್ತಿದ್ದರೆ ಗಂಡಸರು ಹೊರಗೆ ಕಟ್ಟೆಯ ಮೇಲೆ ಕುಳಿತು ರಾಜ್ಯದ ಗಡಿ ಎಳೆಯುತ್ತಿದ್ದರು. ಎರಡೂ ಕೆಲಸ ಬೆಳಗಿನಿಂದ ಸಂಜೆಯವರೆಗೆ ನಡೆಯುತ್ತಿದ್ದವು. ತಿನ್ನಲು ಸಿಕ್ಕಿದ್ದು ಮಾತ್ರ ಒಳಗಿನದು.

ಹಬ್ಬಕ್ಕೆ ಇನ್ನೂ ಹತ್ತು ದಿನವಿದ್ದಾಗ ಕೊಟ್ರಪ್ಪನ ಆರು ವರ್ಷದ ಮಗಳು ಹುಚ್ಚವ್ವ ಶಾಲೆಯಿಂದ ಮುಖ ಊದಿಸಿಕೊಂಡು ಬಂದಳು. ಹೆಸರು ಅಜ್ಜಿಯದು, ಬುದ್ಧಿ ಮಾತ್ರ ಸ್ವಂತದ್ದು.

"ಅಪ್ಪಾ, ಎಲ್ಲಾರ ಮನ್ಯಾಗೂ ಆಕಾಶಬುಟ್ಟಿ ತಂದಾರ. ನಮ್ಮನಿಗೆ ಯಾವಾಗ ತರತಿ?"

ಕೊಟ್ರಪ್ಪ ಊಟಕ್ಕೆ ಕುಳಿತಿದ್ದ. "ತರೂದು? ಬಜಾರದಿಂದ ತರಾವ್ರು ಕೈ ಇಲ್ಲದಾವ್ರು. ನಾ ಸಣ್ಣಾಂವ ಇದ್ದಾಗ ಮಾಡಿದ ಬುಟ್ಟಿ ನೋಡಾಕ ಶಿರಹಟ್ಟಿ, ಲಕ್ಷ್ಮೇಶ್ವರದಿಂದ ಮಂದಿ ಚಕ್ಕಡಿ ಕಟಗೊಂಡು ಬರತಿದ್ರು."

ಅವನ ಹೆಂಡತಿ ನೀಲಗಂಗವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. "ಏನ್ ನೋಡಾಕ ಬರತಿದ್ರರಿ? ಹತ್ತಿ ಉರಿಯೂದನ್ನ ನೋಡಾಕೇನು?"

ಕೊಟ್ರಪ್ಪ ಮಗಳ ಕಡೆ ತಿರುಗಿ, "ಏನ್ ಮಾಡ್ಲಿ ಹೇಳವಾ? ನೀ ಹೇಳಿದ್ದು," ಎಂದ.

"ನವಿಲು."

ಇಲ್ಲಿ ಬುದ್ಧಿವಂತರು ಯಾರೇ ಇದ್ದರೂ 'ಐದು ಮೂಲೀ ಚುಕ್ಕಿ ಮಾಡೋಣ, ಚುಕ್ಕಿ ಛಂದ ಇರತೈತಿ' ಎಂದು ಕೂಸಿನ ಮನಸ್ಸನ್ನು ತಿರುಗಿಸುತ್ತಿದ್ದರು. ಕೊಟ್ರಪ್ಪ, "ಪುಕ್ಕ ಬಿಚ್ಚಿದ್ದೋ, ಮುಚ್ಚಿದ್ದೋ?" ಎಂದು ಕೇಳಿದ.

ಮರುದಿನ ಗಾಳಿಪಟ ಮಾರುವ ಕುತುಬುದ್ದೀನನ ಹತ್ತಿರ ಹೋಗಿ ಬಿದಿರಿನ ಕಡ್ಡಿ, ನೀಲಿ ಕಾಗದ, ಹಸಿರು ಕಾಗದ, ಬಂಗಾರದ ಬಣ್ಣದ ಕಾಗದ ತಂದ. "ಮದಲ ಒಂದು ಚೌಕ ಬುಟ್ಟಿ ಮಾಡಿ ನೋಡ್ರಿ ಕೊಟ್ರಪ್ಪಣ್ಣ, ನವಿಲು ದೊಡ್ಡ ಮಾತಾತು," ಎಂದು ಕುತುಬುದ್ದೀನ ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಚೌಕ ಕೂಸುಗೋಳ ಕೆಲಸ," ಎಂದು ಕೊಟ್ರಪ್ಪ ಕಡ್ಡಿಯ ಕಟ್ಟನ್ನು ಬಂದೂಕಿನ ಹಾಗೆ ಹೆಗಲ ಮೇಲಿಟ್ಟು ಹೊರಟ.

ಬಿದಿರಿಗೂ ಒಂದು ಸ್ವಭಾವವಿರುತ್ತದೆ. ಬಾಗು ಎಂದಲ್ಲಿ ಅದು ಬಾಗುವುದಿಲ್ಲ, ನೆಟ್ಟಗಿರು ಎಂದಲ್ಲಿ ನಿಲ್ಲುವುದಿಲ್ಲ. ಮೂರು ಸಂಜೆ ಕೊಟ್ರಪ್ಪನ ಪಡಸಾಲೆಯಿಂದ "ಹಿಡಿ, ಹಿಡಿ, ಬಿಡಬ್ಯಾಡ, ಅಯ್ಯ ಬಿಟ್ಟೀ!" ಎಂಬ ಕೂಗು ಓಣಿಗೆಲ್ಲ ಕೇಳುತ್ತಿತ್ತು. ನೀಲಗಂಗವ್ವ ಜೋಳದ ಹಿಟ್ಟಿನ ಅಂಟು ಕುದಿಸಿಕೊಟ್ಟಳು. ಅದರಲ್ಲಿ ಅರ್ಧವನ್ನು ನಾಲ್ಕು ವರ್ಷದ ಮಗ ಗವಿಸಿದ್ದ ಅಂಬಲಿ ಎಂದು ತಿಳಿದು ಕುಡಿದ. ಹುಚ್ಚವ್ವ ತಾಯಿಯ ಕುಂಕುಮದ ಭರಣಿಯ ಮುಚ್ಚಳವಿಟ್ಟು ಗೀರು ಎಳೆದು, ಬಂಗಾರದ ಕಾಗದದಲ್ಲಿ ಹನ್ನೊಂದು ದುಂಡನೆಯ ಬೊಟ್ಟು ಕತ್ತರಿಸಿ ಅಂಟಿಸಿದಳು. ಅವು ನವಿಲಿನ ಪುಕ್ಕದ ಕಣ್ಣುಗಳು. ಖರೆ ಹೇಳಬೇಕೆಂದರೆ ಇಡೀ ಬುಟ್ಟಿಯಲ್ಲಿ ದುಂಡಗೆ ಇರಬೇಕಾದದ್ದು ದುಂಡಗೆ ಇದ್ದದ್ದು ಅವು ಮಾತ್ರ.

ಮೂರನೆಯ ಸಂಜೆ ಎಲ್ಲ ಮುಗಿದು, ಬುಟ್ಟಿಯನ್ನು ಆರಲು ಇಟ್ಟು, ಕೊಟ್ರಪ್ಪ ಕೈ ತೊಳೆಯಲು ಹಿತ್ತಿಲಿಗೆ ಹೋದ. ಒಳಗೆ 'ಕರಕ್' ಎಂಬ ಸಪ್ಪಳವಾಯಿತು. ಓಡಿಬಂದು ನೋಡಿದರೆ ಗವಿಸಿದ್ದ ಕೈಯಲ್ಲಿ ಬಿದಿರಿನ ಕಡ್ಡಿಯನ್ನು ಶೂಲದ ಹಾಗೆ ಹಿಡಿದು, ಎದೆ ಉಬ್ಬಿಸಿ, ನವಿಲಿನ ಮೇಲೆ ಕುಳಿತಿದ್ದ. ಗೋಡೆಯ ಮೇಲಿನ ಪಟದಲ್ಲಿ ಷಣ್ಮುಖಸ್ವಾಮಿ ಹಾಗೆಯೇ ಕುಳಿತಿದ್ದ. ಅದು ತನ್ನ ತಪ್ಪು ಹೇಗಾಗುತ್ತದೆ ಎಂಬುದು ಗವಿಸಿದ್ದನಿಗೆ ತಿಳಿಯಲೇ ಇಲ್ಲ.

ಕೊಟ್ರಪ್ಪ ಬುಟ್ಟಿಯನ್ನು ಎಡಕ್ಕೆ ಒತ್ತಿದ, ಬಲಕ್ಕೆ ಉಬ್ಬಿತು. ಬಲಕ್ಕೆ ಒತ್ತಿದ, ಕೆಳಗೆ ಜೋತಿತು. ಕಡೆಗೆ ಕತ್ತು ಸಣ್ಣದಾಗಿ ಮೇಲೆ ಬಲಗಡೆಗೆ ಚಾಚಿ, ಹೊಟ್ಟೆ ಡೊಳ್ಳಾಗಿ, ಪುಕ್ಕ ಕೆಳಗೆ ಜಗ್ಗಿ ನಿಂತಿತು. ಒಳಗೆ ಪಣತಿ ಹಚ್ಚಿಟ್ಟು, ಮಾಳಿಗೆಯ ಮೇಲೆ ಗಳ ನೆಟ್ಟು ಏರಿಸಿದ.

ಹುಚ್ಚವ್ವ ಬಹಳ ಹೊತ್ತು ಕತ್ತೆತ್ತಿ ನೋಡಿದಳು. "ಅಪ್ಪಾ, ನವಿಲಿಗೆ ಹೊಟ್ಟಿ ನೋಯಾಕ ಹತ್ತೈತೇನು?"

"ಹೂಂ. ಹಬ್ಬ ಬಂತಲ್ಲ, ಭಾಳ ತಿಂದೈತಿ."

"ಆಗಲಿ ತಗೋ," ಎಂದು ಹುಚ್ಚವ್ವ ಕೈ ಚಪ್ಪಾಳೆ ತಟ್ಟಿದಳು. ಅಪ್ಪ ನವಿಲು ಎಂದಿದ್ದ. ಅದು ನವಿಲು. ಇಲ್ಲಿಗೆ ಎಲ್ಲವೂ ಸುಖವಾಗಿ ಮುಗಿಯಬೇಕಿತ್ತು.

ಅಷ್ಟರಲ್ಲಿ ಪುಂಡಲೀಕಪ್ಪ ಮಾಸ್ತರರು ತಿರುಗಾಡಲು ಬಂದರು. ಮೂವತ್ತು ವರ್ಷ ಹುಡುಗರಿಗೆ ಭೂಗೋಳ ಕಲಿಸಿ ನಿವೃತ್ತರಾದವರು. ಕಣ್ಣು ಮಸುಕಾಗಿತ್ತು, ಚಾಳೀಸಿನ ಗಾಜು ಅದಕ್ಕಿಂತ ಮಸುಕಾಗಿತ್ತು. ಕೊಟ್ರಪ್ಪನ ಮನೆಯ ಮುಂದೆ ನಿಂತು, ಕೋಲೂರಿ, ತಲೆಯೆತ್ತಿ ನೋಡಿದರು.

"ಕೊಟ್ರಪ್ಪಾ! ಏನ್ ಮಾಡಿ ಇಟ್ಟೀಯೋ! ಅಖಂಡ ಕರ್ನಾಟಕದ ನಕಾಶಿ ಮಾಡಿ ಆಕಾಶಕ್ಕ ಏರಿಸೀಯಲ್ಲೋ!"

ಕೊಟ್ರಪ್ಪ ನಿಚ್ಚಣಿಕೆಯ ಮೇಲಿದ್ದ. ಎರಡು ಮೆಟ್ಟಿಲು ಇಳಿದ.

"ಮ್ಯಾಲೆ ಬೀದರ, ತೆಳಗ ಮೈಸೂರು, ಎಡಕ್ಕ ಕರಾವಳಿ! ಮೂವತ್ತು ವರ್ಷ ಕರೇ ಹಲಗಿ ಮ್ಯಾಲೆ ಇದನ್ನ ತುಂಡು ತುಂಡು ಬರದೆ. ಮುಂಬೈದು ಒಂದು ತುಂಡು, ಹೈದರಾಬಾದಿಂದು ಒಂದು ತುಂಡು, ಸಾಂಗ್ಲಿ, ಮಿರಜ ಅಂತ ನಡುನಡುವ ಹರಕ ಚಿಂದಿ. ಒಂದ ತುಂಡಾಗಿದ್ದನ್ನ ನೋಡಿ ಸಾಯ್ತೀನೋ ಇಲ್ಲೋ ಅಂದಿದ್ದೆ. ನೀ ದೀಪ ಹಚ್ಚಿ ತೋರಿಸಿದಿ." ಮಾಸ್ತರರು ಚಾಳೀಸು ತೆಗೆದು ಧೋತರದ ಚುಂಗಿನಿಂದ ಕಣ್ಣೊರೆಸಿಕೊಂಡರು.

ಎಪ್ಪತ್ತರ ಹಿರಿಯರು ನಡುಬೀದಿಯಲ್ಲಿ ಅಳುತ್ತ ನಿಂತಾಗ 'ಅದು ನವಿಲು ರಿ' ಎನ್ನಲು ಎಂಥ ಗಂಡೆದೆ ಬೇಕು! ಅದೂ ಅಲ್ಲದೆ ಕೊಟ್ರಪ್ಪನಿಗೆ ಜನ್ಮದಲ್ಲಿ ಮೊದಲ ಸಲ ಅವನ ಕೈಕೆಲಸವನ್ನು ಒಬ್ಬರು ಹೊಗಳಿದ್ದರು. ಕರುಣೆ ಎಷ್ಟು, ಬಿಂಕ ಎಷ್ಟು ಎಂದು ತೂಗಿ ನೋಡುವ ತಕ್ಕಡಿ ನಮ್ಮಲ್ಲಿಲ್ಲ. "ಹೌದ್ರಿ ಮಾಸ್ತರ್ರ," ಎಂದುಬಿಟ್ಟ.

"ಅದು ನವಿಲ್ರಿ, ಮಾಸ್ತರಜ್ಜಾ," ಎಂದಳು ಹುಚ್ಚವ್ವ.

"ನಿನ್ನ ಹೆಸರೇನವಾ?"

"ಹುಚ್ಚವ್ವ."

"ಛಲೋ ಐತಿ," ಎಂದು ಮಾಸ್ತರರು ಅವಳ ತಲೆ ಸವರಿ, ಸುದ್ದಿ ಹೇಳಲು ಪೇಟೆಯ ಕಡೆ ಹೊರಟುಹೋದರು. ಹೋಗುವ ಮೊದಲು, ಗಾಳಿಗೆ ಬುಟ್ಟಿ ತಿರುಗಿದಾಗ ಮಂಗಳೂರು ಮದರಾಸಿನ ದಿಕ್ಕಿಗೆ ಹೋಗುತ್ತದೆಂದು ಕೊಟ್ರಪ್ಪನಿಂದ ಅದಕ್ಕೊಂದು ದಾರ ಕಟ್ಟಿಸಿ ಕರಾವಳಿಯನ್ನು ಭದ್ರ ಮಾಡಿಸಿದರು.

ಮರುದಿನ ಸಂಜೆ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಫಕ್ಕೀರಪ್ಪ ಸಾವಕಾರರೇ ಬಂದರು. ಅವರು ಅಂಗಡಿಗೆ ಮಾಲಕರಷ್ಟೇ ಅಲ್ಲ, ನಮ್ಮ ಓಣಿಯ ಏಕೀಕರಣದ ಉತ್ಸವ ಸಮಿತಿಗೆ ಅಧ್ಯಕ್ಷರೂ ಆಗಿದ್ದರು. ಒಂದನೇ ತಾರೀಖು ಸಂಜೆ ಭುವನೇಶ್ವರಿಯ ಪಟವನ್ನು ಚಕ್ಕಡಿಯಲ್ಲಿಟ್ಟು ಮೆರವಣಿಗೆ ತೆಗೆಯುವುದೆಂದು ಗೊತ್ತಾಗಿತ್ತು. ಆದರೆ ಅದಕ್ಕೆ ಏನೋ ಒಂದು ಕಡಿಮೆ ಇದೆ ಎಂದು ಅವರಿಗೆ ಎಂಟು ದಿನದಿಂದ ಅನ್ನಿಸುತ್ತಿತ್ತು.

"ಕೊಟ್ರಪ್ಪ, ಸೀರಿ ಮಡಚಾಕ ಬರದಾಂವ ರಾಜ್ಯಾನ ಮಡಚಿ ಬುಟ್ಟ್ಯಾಗ ಇಟ್ಟೀಯಲ್ಲೋ! ಇದ ಮೆರವಣಿಗಿ ಮುಂದ ಇರಬೇಕು. ಅದಿರ್ಲಿ, ಈ ಬಂಗಾರದ ಬೊಟ್ಟು ಏನಿವು?"

"ಪುಕ್ಕದ ಕ..." ಎಂದು ಹುಚ್ಚವ್ವ ಆರಂಭಿಸುವಷ್ಟರಲ್ಲಿ ಮಾಸ್ತರರು, "ಊರುಗಳು! ಮುಖ್ಯ ಊರುಗಳು!" ಎಂದು ಕೋಲಿನಿಂದ ತೋರಿಸಿದರು.

ಈ ಒಂದು ಮಾತು ನಮ್ಮ ಓಣಿಯ ನೆಮ್ಮದಿಯನ್ನು ಆರು ದಿನ ಕಸಿದುಕೊಂಡಿತು.

"ಹಂಗಾರ ಗದಗ ಯಾವುದಪಾ?" ಎಂದರು ಯಾರೋ. ಕೊಟ್ರಪ್ಪ ಒಂದು ಬೊಟ್ಟು ತೋರಿಸಿದ. "ಮತ್ತ ಬೆಟಗೇರಿ?" ಎಂದರು ಇನ್ನೊಬ್ಬರು. ಕೊಟ್ರಪ್ಪ ಪಕ್ಕದ ಬೊಟ್ಟು ತೋರಿಸಿದ. ಕೂಡಲೇ ಗದ್ದಲವೆದ್ದಿತು. "ಗದಗಕ್ಕೂ ಬೆಟಗೇರಿಗೂ ನಡುವ ಇಷ್ಟು ಜಾಗಾ? ಇದರಾಗ ಹುಬ್ಬಳ್ಳಿ ಹಿಡಿಸತೈತಿ!" ಒಬ್ಬರು ಎರಡನ್ನೂ ಒಂದೇ ಬೊಟ್ಟಿನಲ್ಲಿ ಕೂಡಿಸಬೇಕೆಂದರು. ಬೆಟಗೇರಿಯ ನೇಕಾರರು ತಮಗೆ ಬೇರೆಯೇ ಬೊಟ್ಟು ಬೇಕು, ಅದೂ ಗದಗಿನದಕ್ಕಿಂತ ಸಣ್ಣದಾಗಬಾರದು ಎಂದರು. ರಾಜ್ಯ ಒಂದಾಗಲು ಇನ್ನೂ ಐದು ದಿನವಿತ್ತು.

ಫಕ್ಕೀರಪ್ಪ ಸಾವಕಾರರು ಎಲ್ಲರನ್ನೂ ಸುಮ್ಮನಾಗಿಸಿ, "ಲಕ್ಷ್ಮೇಶ್ವರ ಎಲ್ಲೈತಿ?" ಎಂದು ಮೆತ್ತಗೆ ಕೇಳಿದರು. ಅವರು ಲಕ್ಷ್ಮೇಶ್ವರದಲ್ಲಿ ಹುಟ್ಟಿದವರು. "ನಾ ಮಿರಜ ಸಂಸ್ಥಾನದ ಪ್ರಜಾ ಆಗಿ ಹುಟ್ಟಿದಾಂವ. ಎಲ್ಲಾ ನಕಾಶಿಯೊಳಗೂ ನಮ್ಮೂರಿಗೆ ಬ್ಯಾರೆ ಬಣ್ಣಾ ಬಳೀತಿದ್ರು. ಈ ನಕಾಶ್ಯಾಗರ ನಮ್ಮನ್ನ ಒಳಗ ತಗೋತೀಯೋ ಇಲ್ಲೋ?"

ಕೊಟ್ರಪ್ಪ ಆ ರಾತ್ರಿಯೇ ಲಕ್ಷ್ಮೇಶ್ವರ ಅಂಟಿಸಿದ. ಮರುದಿನ ಶಿರಹಟ್ಟಿಯವರು ಬಂದು, "ಲಕ್ಷ್ಮೇಶ್ವರ ಐತಿ, ನಾವಿಲ್ಲ?" ಎಂದರು. ಶಿರಹಟ್ಟಿ ಅಂಟಿಸಿದ. ಆಮೇಲೆ ಮುಂಡರಗಿ. ಆಮೇಲೆ ಸಿಂಗಟಾಲೂರು, ಮಾಗಡಿ. ಸೊಸೆಯ ತವರು, ಮಗಳ ಗಂಡನ ಮನೆ, ಮನೆದೇವರ ಊರು ಎಂದು ಎಲ್ಲರೂ ಒಂದೊಂದು ಹೆಸರು ಹಿಡಿದು ಬರುವವರೇ. ಕುತುಬುದ್ದೀನನ ಅಂಗಡಿಯ ಬಂಗಾರದ ಕಾಗದ ತೀರಿಹೋಯಿತು.

ಹಬ್ಬದ ಹಿಂದಿನ ದಿನ, ಹಂಡೆ ತೊಳೆದು ನೀರು ತುಂಬುವ ಸಂಜೆ, ಕೊಟ್ರಪ್ಪನ ಮಾವ ಅಂದಾನಪ್ಪ ಕೊರ್ಲಹಳ್ಳಿಯಿಂದ ಒಂದು ಗಡಿಗೆ ಬೆಣ್ಣೆ, ಒಂದು ಗಂಟು ಹೊಸ ಬಟ್ಟೆ ತೆಗೆದುಕೊಂಡು ಬಂದಿಳಿದ. ದಾರಿಯಲ್ಲಿಯೇ ಅಳಿಯನ ಕೀರ್ತಿ ಕೇಳಿದ್ದ. ಚಪ್ಪಲಿ ಬಿಡುವ ಮೊದಲು ಮಾಳಿಗೆ ಹತ್ತಿದ. ಇಳಿದು ಬಂದಾಗ ಮುಖ ಬಿಗಿದಿತ್ತು.

"ಅಳಿಯಂದ್ರ, ಎಲ್ಲಾ ಛಲೋ ಮಾಡೀರಿ. ಹೊಳಿ ಎಲ್ಲಿ?"

"ಯಾವ ಹೊಳಿ ರಿ, ಮಾವಾರ?"

"ಯಾವ ಹೊಳಿ! ತುಂಗಭದ್ರಿ! ನಿಮಗ ಹೆಣ್ಣು ಕೊಟ್ಟ ಊರಿನ ಹೊಳಿ! ನಮ್ಮ ದಂಡಿ ಮ್ಯಾಲೆ ನಿಂತು ಕೂಗಿದ್ರ ಆಚಿ ದಂಡ್ಯಾಗ ನನ್ನ ದೊಡ್ಡ ಮಗಳು 'ಓ' ಅಂತಾಳ. ಕೂಗು ಮುಟ್ಟುವಷ್ಟು ದೂರಕ್ಕ ಇಷ್ಟು ವರ್ಷ ಎರಡು ಸರಕಾರ. ನಾಳೆ ಅಪ್ಪಗೂ ಮಗಳಿಗೂ ಒಂದ ಸರಕಾರ ಆಗತೈತಿ. ಅಂಥಾದ್ರಾಗ ನೀವು ಹೊಳೀನ ನುಂಗಿ ನೀರು ಕುಡದೀರಿ!"

ನೀಲಗಂಗವ್ವ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಗಂಡನ ಬುಟ್ಟಿಯನ್ನು ಮೊದಲ ದಿನದಿಂದ ಹಾಸ್ಯ ಮಾಡುತ್ತ ಬಂದವಳು ಈಗ ಒಳಗೆ ಹೋಗಿ, ತನ್ನ ಹಳೆಯ ಬಿಳಿ ಕುಪ್ಪಸದ ತೆಳುವಾದ ಅಂಚು ಹರಿದು ತಂದು ಕೊಟ್ಟಳು. ಅಂದಾನಪ್ಪ ತನ್ನ ಕೈಯಿಂದಲೇ ಅದನ್ನು ಬುಟ್ಟಿಯ ನಡುವಿನಿಂದ ಬಲಗಡೆಗೆ ಹರಿಸಿ, ಆಚೆಗೊಂದು ಬೊಟ್ಟು, ಈಚೆಗೊಂದು ಬೊಟ್ಟು ಅಂಟಿಸಿದ. "ಇಕಿ ನಮ್ಮ ಹನಮಂತವ್ವ. ಇದು ನಾ," ಎಂದ.

ಅಲ್ಲಿಗೆ ಬೊಟ್ಟುಗಳ ಸಂಖ್ಯೆ ನಲವತ್ಮೂರು. ಕತ್ತು, ಕೊಕ್ಕು, ಕಾಲು ಒಂದನ್ನೂ ಬಿಟ್ಟಿರಲಿಲ್ಲ.

ಇದರಲ್ಲೆಲ್ಲ ಹುಚ್ಚವ್ವನನ್ನು ಯಾರೂ ಕೇಳಲಿಲ್ಲ. ಅವಳು ಮೊದಮೊದಲು ಬಂದವರಿಗೆಲ್ಲ "ಅದು ನವಿಲು" ಎಂದು ಹೇಳುತ್ತಿದ್ದಳು. ದೊಡ್ಡವರು ನಗುತ್ತಿದ್ದರು. ಮೂರನೆಯ ದಿನದಿಂದ ಹೇಳುವುದನ್ನು ಬಿಟ್ಟಳು. ನಾಲ್ಕನೆಯ ದಿನದಿಂದ ಅಪ್ಪನ ಸಂಗಡ ಮಾತು ಬಿಟ್ಟಳು. ಕೊಟ್ರಪ್ಪ ಕರೆದರೆ ತಾಯಿಯ ಕಡೆ ನೋಡಿ, "ಯವ್ವಾ, ಯಾರೋ ಕರಿಯಾಕ ಹತ್ಯಾರ," ಎನ್ನುತ್ತಿದ್ದಳು.

ಅಂದಾನಪ್ಪ ಬಂದ ಸಂಜೆಯೇ ಫಕ್ಕೀರಪ್ಪ ಸಾವಕಾರರು ಹೊಸ ಸುದ್ದಿ ತಂದರು. ಮೆರವಣಿಗೆಗೆ ಧಾರವಾಡದಿಂದ ದೊಡ್ಡ ಸಾಹೇಬರು ಬರುವವರಿದ್ದರು. ಚಕ್ಕಡಿಯ ಮೇಲೆ ನಿಂತು ಕೊಟ್ರಪ್ಪ ನಕಾಶೆಯ ಬಗ್ಗೆ ಎರಡು ಮಾತು ಹೇಳಬೇಕು.

ಕೊಟ್ರಪ್ಪ ಕುತುಬುದ್ದೀನನ ಅಂಗಡಿಗೆ ಓಡಿದ. "ಕುತುಬಣ್ಣ, ನಾಳೆ ಸಾಹೇಬ್ರು ಕಾರವಾರ ಎಲ್ಲಿ, ಬಳ್ಳಾರಿ ಎಲ್ಲಿ ಅಂತ ಕೇಳಿದ್ರ ನಾ ಏನ್ ತೋರಿಸಲಿ? ಕೊಕ್ಕು ತೋರಿಸಲೋ, ಕಾಲು ತೋರಿಸಲೋ? ನೀನೂ ಬಾ. ಬಿದಿರು ನಿಂದಲ್ಲ?"

ಕುತುಬುದ್ದೀನ ಪಟದ ಬಾಲ ಕತ್ತರಿಸುತ್ತಿದ್ದವನು ತಲೆ ಎತ್ತಲಿಲ್ಲ. "ಬಿದಿರು ನಂದು, ಸುಳ್ಳು ನಿಂದು. ಬಿದಿರು ಮುರದ್ರ ನನ್ನ ಕೇಳು."

ಒಂದನೇ ತಾರೀಖು ಬೆಳಗ್ಗೆ ಎಣ್ಣೆ ಹಚ್ಚಿ ಎರೆದುಕೊಂಡು, ಮಾವ ತಂದ ಹೊಸ ಅಂಗಿ ತೊಟ್ಟು, ಕೊಟ್ರಪ್ಪ ಹೋಳಿಗೆಯ ಮುಂದೆ ಕುಳಿತು ಕಾರವಾರ, ಬಳ್ಳಾರಿ ಎಂದು ಬೆರಳು ಎಣಿಸತೊಡಗಿದ. ಸಂಜೆ ಮೆರವಣಿಗೆಗೆ ಹೊರಡುವ ಹೊತ್ತಿಗೆ ಹುಚ್ಚವ್ವ ಜಂಪರಿನ ಗುಂಡಿ ಹಾಕಿಸಿಕೊಳ್ಳಲು ಅವನ ಮುಂದೆ ಬಂದು ನಿಂತಳು. ತಾಯಿ ಆರತಿ ತಟ್ಟೆಯ ಗಡಿಬಿಡಿಯಲ್ಲಿದ್ದಳು, ಇಲ್ಲದಿದ್ದರೆ ಬರುತ್ತಿರಲಿಲ್ಲ. ಬೆನ್ನು ತಿರುಗಿಸಿ ನಿಂತೇ ಕೇಳಿದಳು:

"ಅಪ್ಪಾ, ನಾ ಸುಳ್ಳಿ ಏನು?"

"ಯಾರಂದ್ರವಾ?"

"ಸಾಲ್ಯಾಗ ಎಲ್ಲಾರೂ ಅಂತಾರ. ನಮ್ಮಪ್ಪ ನವಿಲು ಮಾಡ್ಯಾನ ಅಂತ ನಾ ಹೇಳಿದ್ನಲ್ಲ. ಈಗ ನನ್ನ ಬಾಜೂ ಯಾರೂ ಕುಂಡ್ರಂಗಿಲ್ಲ. ಸುಳ್ಳಿ ಹುಚ್ಚಿ, ಸುಳ್ಳಿ ಹುಚ್ಚಿ ಅಂತಾರ."

ಮೂರು ಗುಂಡಿ ಹಾಕಲು ಕೊಟ್ರಪ್ಪನಿಗೆ ಬಹಳ ಹೊತ್ತು ಹಿಡಿಯಿತು.

ಮೆರವಣಿಗೆ ಹೊರಟಿತು. ಮುಂದೆ ಕರಡಿ ಮಜಲಿನ ವಾದ್ಯದವರು, ಎರಡೂ ಬದಿಗೆ ತಲೆಯ ಮೇಲೆ ಗ್ಯಾಸ ಬತ್ತಿ ಹೊತ್ತವರು, ನಡುವೆ ಬಾಳೆಕಂಬ ಕಟ್ಟಿದ ಚಕ್ಕಡಿ. ಚಕ್ಕಡಿಯ ಮೂಕಿಗೆ ಗಳ ಬಿಗಿದು ಬುಟ್ಟಿಯನ್ನು ತೂಗುಬಿಟ್ಟಿದ್ದರು. ನಲವತ್ಮೂರು ಬೊಟ್ಟು ಥಳಥಳ ಹೊಳೆಯುತ್ತಿದ್ದವು. ಜನ ತಮ್ಮ ತಮ್ಮ ಊರನ್ನು ಬೆರಳು ಮಾಡಿ ಮಕ್ಕಳಿಗೆ ತೋರಿಸುತ್ತಿದ್ದರು. ಒಂದೇ ಬೊಟ್ಟನ್ನು ನಾಲ್ಕು ಊರಿನವರು ತೋರಿಸುತ್ತಿದ್ದುದರಿಂದ ಜಗಳಕ್ಕೆ ಕಾರಣವಿರಲಿಲ್ಲ.

ಪೇಟೆಯ ಚೌಕದಲ್ಲಿ ಚಕ್ಕಡಿ ನಿಂತಿತು. ಧಾರವಾಡದ ಸಾಹೇಬರು ಕುರ್ಚಿಯಿಂದೆದ್ದು ಬುಟ್ಟಿಯನ್ನು ನೋಡಿದರು. ತಲೆಯನ್ನು ಈ ಕಡೆ ವಾಲಿಸಿದರು, ಆ ಕಡೆ ವಾಲಿಸಿದರು. "ಮಾಡಿದವರು ಯಾರು? ಬರಲಿ, ಇದರ ಅರ್ಥ ಹೇಳಲಿ," ಎಂದರು.

ಕೊಟ್ರಪ್ಪ ಚಕ್ಕಡಿ ಹತ್ತಿದ. ಎದುರಿಗೆ ಇಡೀ ಬೆಟಗೇರಿ. ಮುಂದಿನ ಸಾಲಿನಲ್ಲಿ ಮಾಸ್ತರರು, ಸಾವಕಾರರು, ಅಜ್ಜ ಅಂದಾನಪ್ಪನ ಹೆಗಲ ಮೇಲೆ ಹುಚ್ಚವ್ವ. ಅವಳ ಪಕ್ಕದಲ್ಲಿಯೇ ಶಾಲೆಯ ಹುಡುಗಿಯರ ಗುಂಪು. ಸೀರೆಯ ಅಂಗಡಿಯಲ್ಲಿ ಅಷ್ಟು ನುಣ್ಣಗೆ ಹರಿಯುವ ಕೊಟ್ರಪ್ಪನ ಬಾಯಿಂದ ಎರಡೇ ಮಾತು ಹೊರಟವು.

"ಸಾಹೇಬ್ರ... ಇದು ನವಿಲು ರಿ."

ಗ್ಯಾಸ ಬತ್ತಿಯ ಸುಸ್ಸೆಂಬ ಸಪ್ಪಳವೊಂದೇ ಕೇಳುತ್ತಿತ್ತು.

ಕೊಟ್ರಪ್ಪ ಕಣ್ಣು ಮುಚ್ಚಿದ. ಕೆಲಸ ಹೋಯಿತು, ಮಾನ ಹೋಯಿತು, ಮಾವ ಬೆಣ್ಣೆಯ ಗಡಿಗೆಯನ್ನು ವಾಪಸು ಒಯ್ಯುತ್ತಾನೆ ಎಂದುಕೊಂಡ.

"ಆಹಾ!" ಎಂದು ಒಂದು ಮುದಿ ಧ್ವನಿ ಕೂಗಿತು. ಪುಂಡಲೀಕಪ್ಪ ಮಾಸ್ತರರು ಕೋಲು ಮೇಲೆತ್ತಿದ್ದರು. "ನಮ್ಮ ನಾಡು ನವಿಲು! ಎಂಥ ಉಪಮಾ! ಎಂಥ ಉಪಮಾ!"

ಚಪ್ಪಾಳೆಯ ಮಳೆ ಸುರಿಯಿತು. ಕೊಟ್ರಪ್ಪ ಗಾಬರಿಯಾಗಿ ಎರಡೂ ಕೈ ಆಡಿಸಿದ. "ಉಪಮಾ ಅಲ್ರಿ! ಖರೇನ ನವಿಲು! ನಾ ನವಿಲನ್ನ ಮಾಡಾಕ ಹೋಗಿದ್ನಿರಿ. ಎಲ್ಲಾ ಮುಗದಿತ್ತು. ಅಷ್ಟರಾಗ ಬಂದು ಮ್ಯಾಲೆ ಕುಂತಬಿಟ್ಟ. ಕಟ್ಟಿದ್ದೆಲ್ಲಾ ಕರಕ್ ಅಂತ ಮುರದ ಹೋತು!"

"ಕುಂತಿದ್ದ! ಕುಂತಿದ್ದ!" ಎಂದು ಗುಂಪು ಗರ್ಜಿಸಿತು. "ನೂರೈವತ್ತು ವರ್ಷ ಕುಂತ, ಇಂಗ್ರೇಜ್ಯಾಂವ!"

"ಇಂಗ್ರೇಜ್ಯಾಂವ ಅಲ್ರಿ!" ಕೊಟ್ರಪ್ಪ ಕಿರುಚಿದ. "ನನ್ನ ಮಗ! ನನ್ನ ಮಗ ರಿ, ನನ್ನ ಮಗ!"

ಇದನ್ನು ಕೇಳಿದ್ದೇ ಚೌಕವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಸಾಹೇಬರ ಎದುರಿಗೆ, ತುಂಬಿದ ಸಭೆಯಲ್ಲಿ, ಪರದೇಶದವರನ್ನು ಇಷ್ಟು ಮುಕ್ತವಾಗಿ ಬೈದವನನ್ನು ನಮ್ಮ ಊರು ಅಲ್ಲಿಯವರೆಗೆ ಕಂಡಿರಲಿಲ್ಲ. ಸಾಹೇಬರು ಕರವಸ್ತ್ರದಲ್ಲಿ ಮುಖ ಮುಚ್ಚಿಕೊಂಡಿದ್ದರು. ಭುಜ ಕುಲುಕುತ್ತಿತ್ತು.

"ಆಮ್ಯಾಲೆ ಏನ್ ಮಾಡಿದಿರಿ?" ಎಂದು ಸಾವರಿಸಿಕೊಂಡು ಕೇಳಿದರು.

ಕೊಟ್ರಪ್ಪ ಸೋತ. "ಏನ್ ಮಾಡೂದ್ರಿ... ಎಬ್ಬಿಸಿ ಕಳಿಸಿದೆ. ಮುರದ ತುಂಡೆಲ್ಲಾ ಕೂಡಿಸಿ, ಅಂಟು ಹಚ್ಚಿ, ಕೈಲಾದಷ್ಟು ನೆಟ್ಟಗ ಮಾಡಿದೆ. ಸೊಟ್ಟ ಐತಿ. ಆದ್ರ ಒಂದ ಐತಿ ರಿ."

ಈ ಸಲ ಯಾರೂ ನಗಲಿಲ್ಲ. ಮಾಸ್ತರರು ಚಾಳೀಸು ತೆಗೆದರು. ಫಕ್ಕೀರಪ್ಪ ಸಾವಕಾರರು ತಮ್ಮ ಕೊರಳಿನ ಹಾರವನ್ನೇ ತೆಗೆದು ಕೊಟ್ರಪ್ಪನಿಗೆ ಹಾಕಿದರು. ಅಂದಾನಪ್ಪ ಹೆಗಲ ಮೇಲೆ ಕೂಸಿದ್ದದ್ದನ್ನು ಮರೆತು, "ನನ್ನ ಅಳಿಯ! ನನ್ನ ಅಳಿಯ!" ಎಂದು ಕುಣಿಯತೊಡಗಿದ. ಸಾಹೇಬರು ತಮ್ಮ ಭಾಷಣದಲ್ಲಿ ನವಿಲಿನ ಮಾತನ್ನು ಆರು ಸಲ ಎತ್ತಿದರು.

ಕೊಟ್ರಪ್ಪ ಚಕ್ಕಡಿಯಿಂದ ಇಳಿದಾಗ ಹುಚ್ಚವ್ವ ಅಜ್ಜನ ಹೆಗಲಿನಿಂದ ಜಾರಿ ಬಂದು ಅವನ ಕೈ ಹಿಡಿದಳು. ಅವಳಿಗೆ ಉಪಮೆಯೂ ತಿಳಿದಿರಲಿಲ್ಲ, ಇಂಗ್ರೇಜಿಯವನೂ ತಿಳಿದಿರಲಿಲ್ಲ. ಅಪ್ಪ ಚಕ್ಕಡಿ ಹತ್ತಿ ಅದು ನವಿಲೆಂದು ಊರಿಗೆಲ್ಲ ಸಾರಿದ್ದ, ಗವಿಸಿದ್ದ ಕುಳಿತು ಮುರಿದದ್ದನ್ನೂ ಹೇಳಿದ್ದ, ಮಂದಿ ಚಪ್ಪಾಳೆ ಹೊಡೆದಿದ್ದರು. ಶಾಲೆಯ ಹುಡುಗಿಯರ ಕಡೆ ತಿರುಗಿ, "ಕೇಳಿದ್ರಿಲ್ಲ?" ಎಂದಳು. ಅವರು ಕೇಳಿದ್ದರು. ಒಬ್ಬಳು ಆಗಲೇ ಅವಳ ಇನ್ನೊಂದು ಕೈ ಹಿಡಿದುಕೊಂಡಿದ್ದಳು.

ಪಾಡ್ಯದ ಸಂಜೆ, ನೀಲಗಂಗವ್ವ ಬಾಗಿಲಲ್ಲಿ ಸೆಗಣಿಯಲ್ಲಿ ಮಾಡಿದ ಹಬ್ಬದ ಪಾಂಡವರನ್ನು ಪೂಜೆಗೆ ಕೂಡಿಸಿ ಹೂ ಮುಡಿಸುತ್ತಿದ್ದಾಗ, ಅಪ್ಪ ಮಗಳು ಬುಟ್ಟಿಯನ್ನು ಮತ್ತೆ ಮಾಳಿಗೆಯ ಮೇಲೆ ಏರಿಸಿದರು. ಪಣತಿಯನ್ನು ಈ ಸಲ ಹುಚ್ಚವ್ವನೇ ಹಚ್ಚಿದಳು. ಸಂದಣಿ ಕರಗಿತ್ತು. ರಾಜ್ಯ ಒಂದಾಗಿ ಎರಡು ದಿನವಾಗಿತ್ತು, ಜನ ತಮ್ಮ ತಮ್ಮ ಚಕ್ಕುಲಿಯ ಕಡೆ ಹೋಗಿದ್ದರು.

ಚೆಂಡುಹೂವಿನ ಬುಟ್ಟಿ ಹೊತ್ತ ಮಂಜವ್ವ ಎಂಬ ಮುದುಕಿ ಓಣಿಯಲ್ಲಿ ಬಂದಳು. ಹಳ್ಳಿಯಿಂದ ಅಂದೇ ಬಂದವಳು, ಮೆರವಣಿಗೆ ನೋಡಿದವಳಲ್ಲ, ಸಮಿತಿ ಕೇಳಿದವಳಲ್ಲ. ಕತ್ತೆತ್ತಿ ನೋಡಿ ಅಲ್ಲಿಯೇ ನಿಂತಳು.

"ಅಯ್ಯ ನಮ್ಮವ್ವ! ಎಷ್ಟು ಛಂದ ಮಾಡೀರೋ ಯಪ್ಪಾ, ಚುಕ್ಕಿ ಚುಕ್ಕಿ ಕೋಳೀನ!"

ನಿಚ್ಚಣಿಕೆಯ ಮೇಲಿದ್ದ ಕೊಟ್ರಪ್ಪನ ಬಾಯಿ ತೆರೆಯಿತು. ಆದರೆ ಈ ಸಲ ಅವನು ಮಗಳ ಕಡೆ ನೋಡಿದ.

ಹುಚ್ಚವ್ವ ಮಾಳಿಗೆಯ ಅಂಚಿಗೆ ಹೋಗಿ, ಸೊಂಟದ ಮೇಲೆ ಕೈಯಿಟ್ಟು, ಬುಟ್ಟಿಯನ್ನು ಕೊಕ್ಕಿನಿಂದ ಪುಕ್ಕದವರೆಗೆ ನೋಡಿದಳು. ಒಂದು ಕಣ್ಣು ಮುಚ್ಚಿ ನೋಡಿದಳು. ಎರಡೂ ಕಣ್ಣು ತೆರೆದು ನೋಡಿದಳು.

"ಹೌದಪಾ," ಎಂದಳು ಕಡೆಗೆ, ತುಸು ವಿಚಾರ ಮಾಡಿ. "ಕೋಳೀನ ಐತಿ."

ಕೊಟ್ರಪ್ಪ ನಕ್ಕ ರಭಸಕ್ಕೆ ನಿಚ್ಚಣಿಕೆ ಅಲುಗಿತು. ಕೆಳಗೆ ನೀಲಗಂಗವ್ವ ಸೆಗಣಿಯ ಕೈಯಲ್ಲೇ ಎದ್ದು ಬಂದು, ಏನಾಯಿತೆಂದು ತಿಳಿಯದೆ ತಾನೂ ನಗತೊಡಗಿದಳು.